ಹಸುವಿನ ಕೆಮ್ಮು

“ಲೇ ಹೊನ್ನೀ, ಮುಂಡೇದೆ, ಕಣ್ಣು ಇಂಗೋಗವಾ? ಹಸ ಕೆಮ್ತಾ ಐತೆ, ನಿಂತ್ಕಂಡು ನೋಡ್ತೀಯಲ್ಲ!”

ಶಿರಾದ ಎಣ್ಣೆಮಿಲ್ಲಿನ ಸಾಹುಕಾರ ವೃಷಭೇಂದ್ರಪ್ಪನವರು ನನ್ನನ್ನು ಹೀಗೆ ಬಯ್ಯುವಾಗ ನಾನು ಗ್ಯಾಸ್ ಎಂಜಿನ್ನಿನ ಒಲೆಗೆ ಇದ್ದಿಲು ಸುರಿಯುತ್ತಿದ್ದೆ. ಯುದ್ಧದ ಕಾಲ, ಡೀಸೆಲ್ ಸಿಗದೆ ಎಂಜಿನ್ ಇದ್ದಿಲಿನ ಗ್ಯಾಸಿನಲ್ಲೇ ಓಡುತ್ತಿತ್ತು. ಅದು ನಿಂತಾಗಲೆಲ್ಲ ಉಳಿದ ಗ್ಯಾಸನ್ನು ಹೊರಗಿನ ಕೊಳವೆಯ ಬಾಯಲ್ಲಿ ಹೊತ್ತಿಸಿ ಉರಿಸುತ್ತಿದ್ದರು. ಆ ಹೊಗೆ ಸಾಹುಕಾರರ ಕೊಟ್ಟಿಗೆಗೆ ನುಗ್ಗಿ, ಹಸು ಹಾಲು ಕಡಿಮೆ ಮಾಡಿತ್ತು.

ತುಮಕೂರಿನಿಂದ ದನದ ಡಾಕ್ಟರು ಬಂದರು. ಹೊಗೆಯಿಂದ ದೂರ ಇಡಿ ಎಂದರು. ಮಾರನೆಯ ದಿನವೇ ಕೊಳವೆಯ ಮೂತಿ ನಮ್ಮ ಕೇರಿಯ ಕಡೆ ತಿರುಗಿತು.

ನನ್ನ ಮಗಳು ಜಯಿ ಇನ್ನೂ ತೊದಲು ಮಾತಿನವಳು. ವಾರ ಕಳೆಯುವಷ್ಟರಲ್ಲಿ ಉಸಿರೆಳೆದಾಗಲೆಲ್ಲ ಅವಳ ಪಕ್ಕೆ ಒಳಕ್ಕೆ ಸೆಳೆಯತೊಡಗಿತು.

ಅಂಗಳದಾಚೆ ನಿಂತು ಸಾಹುಕಾರರನ್ನು ಕೇಳಿದೆ. “ಬುದ್ಧೀ, ಪೈಪ್ನ ಮೇಲಕ್ಕಾದ್ರೂ ಎತ್ತಿಸ್ಬುಡಿ. ಮಗೀಗೆ ಉಸ್ರಾಡಕ್ಕಾಯ್ತಿಲ್ಲ.”

“ಕೇರಿ ಹೈಕಳಿಗೆ ಹೊಗೆ ಹೊಸದೇನೇ? ಹಸ ಮೂಕಪ್ರಾಣಿ, ಅದರ ಶಾಪ ತಟ್ಟಬಾರದು. ಹೋಗು, ಒಲೆ ನೋಡು.”

ಅವರ ಹೆಂಡತಿ ಕಮಲಾಕ್ಷಮ್ಮ ಹಸುವಿನ ಗಂಟಲಿಗೆ ಬಿಸಿ ಎಣ್ಣೆ ನೀವುತ್ತಿದ್ದರು. ಸುಳ್ಳೇಕೆ, ಆ ಹಸುವಿನ ಮೇಲೆ ನನಗೆ ಹೊಟ್ಟೆಕಿಚ್ಚು ಹತ್ತಿತು. ಅದರ ಕೆಳಗಿನ ಒಣ ಹುಲ್ಲು, ಅದು ಕೆಮ್ಮಿದರೆ ಓಡಿಬರುವ ಜನ, ಎಲ್ಲ ನನ್ನ ಮಗಳಿಗೆ ಬೇಕೆನ್ನಿಸಿತು. ಗಂಡ ಸವತಿಯನ್ನು ತಂದಾಗಲೂ ನಾನು ಇಷ್ಟು ಉರಿದುಕೊಂಡಿರಲಿಲ್ಲ.

ಮಧ್ಯಾಹ್ನ ಎಂಜಿನ್ ನಿಂತು, ಕೊಳವೆ ಉರಿಯತೊಡಗಿ, ಸಾಹುಕಾರರು ಉಂಡು ಮಲಗಿದರು. ನಾನು ಹಸುವಿನ ಕಣ್ಣಿ ಬಿಚ್ಚಿದೆ. ಕೇರಿಗೆ ಹೊಡೆದುಕೊಂಡು ಹೋಗಿ ನನ್ನ ಗುಡಿಸಲ ಕಂಬಕ್ಕೆ ಕಟ್ಟಿದೆ. ಜಯಿಯನ್ನು ಎತ್ತಿ ತಂದು ಕೊಟ್ಟಿಗೆಯ ಹುಲ್ಲಿನ ಮೇಲೆ ಮಲಗಿಸಿದೆ.

“ಅಯ್ಯಯ್ಯೋ, ಕೊಟ್ಟಿಗೆ ಮೈಲಿಗೆ ಮಾಡಿದಳಲ್ಲ! ಹಸ ಎಲ್ಲೇ?” ಕಮಲಾಕ್ಷಮ್ಮ ಚೀರಿದರು.

“ನನ್ ಗುಡ್ಲಾಗೈತೆ ಕಣವ್ವ.”

ಸಾಹುಕಾರರು ಬಾರುಕೋಲು ಹಿಡಿದು ಬಂದರು. ಆದರೆ ಆ ಮನೆಯವರ್ಯಾರೂ ನಮ್ಮ ಕೇರಿಗೆ ಕಾಲಿಡುವವರಲ್ಲ. ಇದ್ದಿಲು ಹೊರುವ ನಮ್ಮ ಕೇರಿಯ ಕದರಪ್ಪನನ್ನು ಕೂಗಿದರು.

“ಲೇ ಕದ್ರಾ, ಹಸ ಹೊಡ್ಕಂಡ್ ಬಾರಲೇ!”

ಕದರಪ್ಪ ಅಲುಗಲಿಲ್ಲ. “ಅಲ್ಲಿ ಹೊಗೆ ಬುದ್ಧೀ. ನನ್ ಕೈಲಾಗಕಿಲ್ಲ.”

ಕೇರಿಯಿಂದ ಹಸುವಿನ ಕೆಮ್ಮು ಕೇಳಿಸಿತು. ಸಾಹುಕಾರರು ಎತ್ತಿದ ಬಾರುಕೋಲು ಎಸೆದು, “ಕೊಳವೆ ಆರಿಸ್ರೋ, ಹಾಳಾದೋರಾ!” ಎನ್ನುತ್ತ ಮಿಲ್ಲಿನತ್ತ ಓಡಿದರು.

ಹಸುವಿಗಾಗಿಯೇ ಆರಿಸಲಿ, ನನಗೇನು. ಹುಲ್ಲು ಸರಿಮಾಡಿ ಮಗಳ ಪಕ್ಕ ಒರಗಿದೆ. ಅವರು ತಿರುಗಿ ಬಂದಾಗಲೂ ನಾನು ಏಳಲಿಲ್ಲ.