ಕೂಗದ ಬುಟ್ಟಿ

ಗಂಡಿನ ಕಡೆಯವರು ಊಟಕ್ಕೆ ಬಂದಾಗ ನಮ್ಮ ದೋಣಿಯ ಮೀನನ್ನೇ ಬಡಿಸುವುದು ಎಂದು ನಾನು ಹೇಳಿದ ಕೂಡಲೇ ಅಕ್ಕ ಹಣೆ ಚಚ್ಚಿಕೊಂಡಳು.

“ಮಾತು ಬಲ್ಲವನಿಗೆ ಜಗಳ ಇಲ್ಲ ಅಂತಾರೆ. ನಿನಗೆ ಮಾತೂ ಬರುತ್ತೆ, ಜಗಳಾನೂ ಬರುತ್ತೆ. ಒಂದು ದಿನ ಒಳ್ಳೆ ಮೀನು ತಂದು ಮಾಡಿದ್ರೆ ನಿನ್ನ ಗಂಟೇನು ಹೋಗುತ್ತೆ?”

“ಒಳ್ಳೆ ಮೀನು ಅಂದ್ರೆ ಯಾವ್ದು? ಅವಳು ಕೂಗೋದಾ?”

ಅವಳು ಎಂದರೆ ಹರಾಜಕ್ಕ. ಬಂದರಿನ ಕಟ್ಟೆಯಲ್ಲಿ ದಿನಾ ಬೆಳಿಗ್ಗೆ ಮೀನಿನ ಬುಟ್ಟಿಗಳನ್ನು ಹೆಸರು ಹಿಡಿದು ಹರಾಜು ಕೂಗುವವಳು. ದೊಡ್ಡ ದೋಣಿಗಳ ಮೀನನ್ನು ರಾಗವಾಗಿ ಕೂಗುತ್ತಾಳೆ. ಯಾರೂ ಕೇಳದ ಮೀನು ತುಂಬಿದ ನಮ್ಮ ಬುಟ್ಟಿಯ ಸರದಿ ಬಂದರೆ ಕಾಲಿನಿಂದ ಪಕ್ಕಕ್ಕೆ ತಳ್ಳಿ “ಮುಂದಿನದು” ಎನ್ನುತ್ತಾಳೆ. ಅವಳು ಕೂಗದ ಬುಟ್ಟಿ ಬಿಸಿಲಲ್ಲಿ ಕೂತು ಕೂತು ಕೊನೆಗೆ ಕೋಳಿ ಆಹಾರದ ಲಾರಿ ಹತ್ತುತ್ತದೆ. ನನಗೆ ಬುದ್ಧಿ ಬಂದಾಗಿನಿಂದ ಇದನ್ನೇ ನೋಡಿದ್ದೇನೆ. ಅಂಥವಳ ಮಗನನ್ನೇ ಮೆಚ್ಚಿದ್ದು ನನ್ನ ಹಣೆಬರಹವೋ ಅವನದೋ ಗೊತ್ತಿಲ್ಲ. ಅವನು ಅದೇ ಕಟ್ಟೆಯಲ್ಲಿ ಐಸ್ ಹಾಕುತ್ತಾನೆ. ಎಲ್ಲರಿಗೂ ಐಸಿನವನು. ಮಾತು ಕಡಿಮೆ, ಕೈ ಸದಾ ತಣ್ಣಗೆ. ಮದುವೆಯಾದರೆ ಇವಳನ್ನೇ ಎಂದು ಅಮ್ಮನ ಮುಂದೆ ಹೇಳಿಬಿಟ್ಟಿದ್ದ. ಅಷ್ಟು ಮಾತಾಡಿದ್ದೇ ದೊಡ್ಡದು.

ಊಟದ ದಿನ ಬೆಳಿಗ್ಗೆ ಅಪ್ಪನೂ ನಾನೂ ದೋಣಿ ಬಿಟ್ಟೆವು. ತಳದ ಗಾಳಕ್ಕೆ ತೊರಕೆ ಬಿತ್ತು. ತೊರಕೆ ಮೊರದ ಹಾಗೆ ಅಗಲ, ಚಪ್ಪಟೆ, ಬಾಲದಲ್ಲಿ ವಿಷದ ಮುಳ್ಳು. ಗಾಳ ಕಚ್ಚಿದ ಮೇಲೆ ನೆಲಕ್ಕೆ ಅಂಟಿಕೊಂಡು ಮಲಗಿಬಿಡುತ್ತದೆ, ಎಳೆದರೆ ಬಂಡೆ ಎಳೆದಂತೆ. ದಾರ ಬಿಗಿಹಿಡಿದು ಸುಮ್ಮನೆ ಕೂರಬೇಕು. ಅದಕ್ಕೆ ಬೇಸರವಾಗಿ ಮೈ ಸಡಿಲಿಸಿದಾಗ ಮೇಲೆತ್ತಬೇಕು. ಅಪ್ಪ ಹಾಗೇ ಕೂತು ಎತ್ತಿದ. ಅಷ್ಟು ದೊಡ್ಡದನ್ನು ನಾನು ನೋಡಿದ್ದೇ ಕಡಿಮೆ.

ನಾನು ಚಾಕು ತೆಗೆದೆ. ತೊರಕೆಯನ್ನು ದೋಣಿಯಲ್ಲೇ ಕೊಯ್ದು, ರಕ್ತ ಬಿಟ್ಟು, ರೆಕ್ಕೆ ಬಿಡಿಸಿ ತೊಳೆದಿಡಬೇಕು. ತಡ ಮಾಡಿದರೆ ಇಡೀ ಮೀನು ಮೂತ್ರದ ವಾಸನೆ ಹೊಡೆಯುತ್ತದೆ, ಆಮೇಲೆ ಎಷ್ಟು ತೊಳೆದರೂ ಹೋಗುವುದಿಲ್ಲ. ಇದನ್ನು ನನಗೆ ಕಲಿಸಿದವನೇ ಅಪ್ಪ.

“ಕೊಯ್ಬೇಡ,” ಎಂದ ಅಪ್ಪ. “ಇಡಿಯಾಗೇ ಇರ್ಲಿ. ಬೀಗರು ನೋಡ್ಲಿ.”

“ಕೆಡುತ್ತೆ ಅಪ್ಪಾ.”

“ಒದ್ದೆ ಗೋಣಿ ಸುತ್ತಿದ್ರೆ ಏನೂ ಆಗಲ್ಲ. ನಾವು ತರೋದು ಏನು ಅಂತ ಅವಳು ಒಂದ್ಸಲನಾದ್ರೂ ಕಣ್ಣಾರೆ ನೋಡ್ಬೇಕು. ಯಾವಾಗ್ಲೂ ತುಂಡು ತುಂಡೇ ಕಂಡಿರೋದು.”

ಮಗು ಆಟಿಕೆ ಹಿಡಿದ ಹಾಗೆ ಆ ಮೀನನ್ನು ಹಿಡಿದುಕೊಂಡಿದ್ದ. ನಾನು ಚಾಕು ಒಳಗಿಟ್ಟೆ.

ಮನೆಗೆ ಬಂದು ಗೋಣಿ ಬಿಚ್ಚಿದಾಗ ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದಕ್ಕೆ ಸರಿದಳು. ಅಪ್ಪ ಮತ್ತೆ ಗೋಣಿ ಸುತ್ತಿ ಹಿತ್ತಲಿಗೆ ಎಳೆದುಕೊಂಡು ಹೋಗಿ, ಬಾವಿಕಟ್ಟೆಯ ಮೇಲೆ ಬೆನ್ನು ಹಾಕಿ ಕೂತ. ಅವನ ಬೆನ್ನು ನೋಡಿ ನನಗೆ ಅಳು ಬಂತು. ನನಗೆ ಅಳು ಬಂದರೆ ಅದರ ಹಿಂದೆಯೇ ಸಿಟ್ಟೂ ಬರುತ್ತದೆ.

“ಈಗ್ಲಾದ್ರೂ ಪೇಟೆಗೆ ಹೋಗ್ತೀಯಾ?” ಎಂದಳು ಅಕ್ಕ.

“ಒಲೆ ಹೊತ್ತಿಸು,” ಎಂದೆ.

ಬೆಳಿಗ್ಗೆ ತಂದ ಬುಟ್ಟಿಯ ತಳದಲ್ಲಿ ನಾವು ತೊಗಲು ಮೀನು ಎನ್ನುವುದು ನಾಲ್ಕಾರು ಇದ್ದವು. ಕಪ್ಪು ಮೈ, ಸಣ್ಣ ಬಾಯಿ, ಚಪ್ಪಲಿಯಂಥ ಚರ್ಮ. ಚಾಕು ಇಳಿಯುವುದಿಲ್ಲ ಎಂದು ಜನ ಮುಟ್ಟುವುದಿಲ್ಲ. ಇಳಿಸಬೇಕು ಎಂದು ಹೇಳಿದವರಾರು? ಹೊಟ್ಟೆಯ ಕೆಳಗಿನ ಮೆತ್ತನೆಯ ಜಾಗದಲ್ಲಿ ಸೀಳಿ, ಕರುಳು ತೆಗೆದು, ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸು, ಉಪ್ಪು ತುಂಬಿ ಇಡಿಯಾಗಿ ಕೆಂಡದ ಮೇಲಿಟ್ಟೆ. ಚರ್ಮ ಸುಟ್ಟು ಕರಿಯಾಗಿ ಸೆಟೆದುಕೊಂಡಿತು. ಅಂಚು ಹಿಡಿದು ಎತ್ತಿದರೆ ಮುಚ್ಚಳದ ಹಾಗೆ ಒಂದೇ ಸಲಕ್ಕೆ ಬಂತು. ಒಳಗೆ ಬೆಳ್ಳಗಿನ ಗಟ್ಟಿ ಮಾಂಸ ತನ್ನ ರಸದಲ್ಲೇ ಬೆಂದಿತ್ತು. ಮೇಲೆ ನಿಂಬೆ ಹಿಂಡಿದೆ, ಅಷ್ಟೇ.

ಹರಾಜಕ್ಕ ಮಗನ ಜೊತೆ ಬಂದಳು. ಒಳಗೆ ಕಾಲಿಟ್ಟವಳೇ ಮೂಗು ಅರಳಿಸಿದಳು. “ಏನೋ ವಾಸನೆ.”

“ಪಕ್ಕದ ಮನೆ ಚರಂಡಿ,” ಎಂದಳು ಅಕ್ಕ.

“ಚರಂಡಿ ಅಲ್ಲ,” ಎಂದೆ ನಾನು. “ತೊರಕೆ. ನಿಮಗೆ ತೋರಿಸ್ಬೇಕು ಅಂತ ಅಪ್ಪ ಇಡಿಯಾಗಿ ತಂದ್ರು. ಕೆಟ್ಟೋಯ್ತು.”

ಅವಳು ಅಪ್ಪನ ಕಡೆ ತಿರುಗಿದಳು. “ತೊರಕೆ ರಕ್ತ ಬಿಡದೆ ತರ್ತಾರಾ? ಅಷ್ಟೂ ಗೊತ್ತಿಲ್ವಾ ಅಣ್ಣ?”

“ಗೊತ್ತಿದೆ. ಆದ್ರೆ ನೀವು ನಮ್ಮ ಮೀನನ್ನ ನೋಡಿದ್ದೇ ಇಲ್ವಲ್ಲ,” ಎಂದೆ. ಅಪ್ಪ ನೆಲ ನೋಡುತ್ತಿದ್ದ.

ಊಟಕ್ಕೆ ಕೂತರು. ಹರಾಜಕ್ಕ ಮೊದಲು ಬೆರಳ ತುದಿಯಲ್ಲಿ ಮುಟ್ಟಿದಳು, ಆಮೇಲೆ ಮುಷ್ಟಿ ತುಂಬ ತಿಂದಳು. ಅವಳಿಗೆ ಮೀನು ಗೊತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. “ಯಾವ ಮೀನು ಇದು?”

“ತೊಗಲು ಮೀನು. ನಿನ್ನೆ ನಿಮ್ಮ ಕಾಲಿಗೆ ಸಿಕ್ತಲ್ಲ, ಅದೇ.”

ಐಸಿನವನಿಗೆ ನೆತ್ತಿಗೇರಿತು. ಅಕ್ಕ ನೀರು ಕೊಟ್ಟಳು. ಹರಾಜಕ್ಕ ಕೈ ತೊಳೆದು ಬಂದು ಕೂತು, ನನ್ನನ್ನು ಬಿಟ್ಟು ಅಪ್ಪನ ಜೊತೆ ಮಾತಿಗೆ ತೊಡಗಿದಳು.

“ನೋಡಣ್ಣ, ಹುಡುಗಿ ಬಾಯಿ ಜೋರು, ಇರ್ಲಿ, ನನ್ನದೂ ಜೋರೇ. ಮದುವೆಗೆ ನಂದೇನೂ ಅಡ್ಡಿ ಇಲ್ಲ. ಆದ್ರೆ ಬೀಗರಾದ ಮೇಲೆ ನಿಮ್ಮ ಬುಟ್ಟೀನ ಪಕ್ಕಕ್ಕೆ ತಳ್ಳಿದ್ರೆ ಜನ ಏನಂತಾರೆ? ಕೂಗಿದ್ರೆ ಇನ್ನೂ ನಗ್ತಾರೆ. ನೀವು ದೋಣಿ ಬಿಟ್ಬಿಡಿ. ಐಸ್ ಫ್ಯಾಕ್ಟರೀಲಿ ಕಾವಲು ಕೆಲಸ ಇದೆ, ನಾನು ಹೇಳಿಸ್ತೀನಿ. ಬುಟ್ಟಿ ಕಟ್ಟೆಗೆ ಬರೋದು ಬೇಡ.”

ಅಪ್ಪ ನನ್ನ ಮುಖ ನೋಡಿದ. ಅವನ ತಲೆ ಮೆಲ್ಲಗೆ ಬಾಗತೊಡಗಿತು. ನನಗೋಸ್ಕರ ಅವನು ಹೂಂ ಅನ್ನುವವನಿದ್ದ. ಅವನಿಗೆ ದೋಣಿಯೇ ಪ್ರಾಣ. ಕುರ್ಚಿಯ ಮೇಲೆ ಕೂರಿಸಿ ಗೇಟು ಕಾಯಿಸಿದರೆ ವರ್ಷ ತುಂಬುವವರೆಗೂ ಉಳಿಯುವುದಿಲ್ಲ.

“ಅಪ್ಪಾ, ಹೂಂ ಅನ್ಬೇಡ,” ಎಂದೆ. “ದೋಣಿ ಬಿಟ್ರೆ ನಾನು ಈ ಮದುವೆ ಬಿಡ್ತೀನಿ. ನಾಳೆ ನಮ್ಮ ಬುಟ್ಟಿ ಕಟ್ಟೆಗೆ ಬರುತ್ತೆ. ಇವರು ಹೆಸರು ಹಿಡಿದು ಕೂಗ್ಲಿ. ಆಮೇಲೆ ಮದುವೆ ಮಾತು.”

“ಕೂಗಿದ ಬುಟ್ಟಿಗೆ ಐಸು, ಐಸ್ ಬಿದ್ದ ಬುಟ್ಟಿಗೆ ಕೂಗು. ಮಿಕ್ಕಿದ್ದು ಲಾರಿಗೆ. ಕಟ್ಟೆಯ ರೂಢಿ ಇದು, ನಿನಗೋಸ್ಕರ ಮುರಿಯೋಕಾಗಲ್ಲ,” ಎಂದು ಎದ್ದಳು ಹರಾಜಕ್ಕ.

“ಮುರೀಬೇಡಿ. ಕೂಗಿ ಸಾಕು.”

ಐಸಿನವನು ಅಮ್ಮನ ಹಿಂದೆ ಚಪ್ಪಲಿ ಮೆಟ್ಟಿ ಹೊರಟ. ಅವನ ತಟ್ಟೆಯಲ್ಲಿ ಮುಳ್ಳು ಬಿಟ್ಟರೆ ಏನೂ ಉಳಿದಿರಲಿಲ್ಲ, ಆದರೆ ಬರೀ ತಿಂದವನನ್ನು ಕಟ್ಟಿಕೊಂಡು ನಾನೇನು ಮಾಡಲಿ?

ಮರುದಿನ ಮತ್ತೊಂದು ತೊರಕೆ ಸಿಕ್ಕಿತು. ಈ ಸಲ ಅಪ್ಪನೇ ಚಾಕು ತೆಗೆದುಕೊಂಡು, ರಕ್ತ ಹರಿಸಿ, ರೆಕ್ಕೆಗಳನ್ನು ತೊಳೆದು ಹಾಸಿದ. ಬುಟ್ಟಿಯನ್ನು ನಾನು ಕಟ್ಟೆಯ ಮುಂದಿನ ಸಾಲಿನಲ್ಲೇ ಇಟ್ಟೆ. ಹರಾಜಕ್ಕ ಎಲ್ಲ ಕೂಗುತ್ತ ಬಂದು ನಮ್ಮ ಮುಂದೆ ನಿಂತಳು. ಕಾಲೆತ್ತಲಿಲ್ಲ. ಸುತ್ತಿ ದಾಟಿಕೊಂಡು “ಮುಂದಿನದು” ಎಂದಳು.

ಆಗ ಅಪ್ಪ ಕೂಗಿದ. ಕಟ್ಟೆಯಲ್ಲಿ ಎಂದೂ ದನಿ ಎತ್ತದವನು. “ತೊರಕೆ. ಇವತ್ತಿಂದು, ರಕ್ತ ಬಿಟ್ಟಿದ್ದು.” ದನಿ ನಡುವೆಯೇ ಒಡೆಯಿತು. ಕೊಳ್ಳಲು ಬಂದವರು ನಕ್ಕರು. ಅಪ್ಪ ಗಂಟಲು ಸರಿಮಾಡಿಕೊಂಡು ಮತ್ತೆ ಕೂಗಿದ, ಅವರು ಮತ್ತೆ ನಕ್ಕರು. ಒಬ್ಬೊಬ್ಬರ ಮುಖವನ್ನೂ ನಾನು ನೆನಪಿಟ್ಟುಕೊಂಡೆ.

ಸಲಿಕೆ ನೆಲಕ್ಕೆ ಉಜ್ಜುವ ಸದ್ದಾಯಿತು. ಐಸಿನವನು ತಳ್ಳುಗಾಡಿ ತಂದು ನಮ್ಮ ಬುಟ್ಟಿಯ ಪಕ್ಕ ನಿಲ್ಲಿಸಿದ. ಸಲಿಕೆ ತುಂಬ ಐಸ್ ತೆಗೆದು ತೊರಕೆಯ ಮೇಲೆ ಸುರಿದ. ಇನ್ನೊಂದು ಸಲಿಕೆ ಸುರಿದ. ಕಟ್ಟೆಯಲ್ಲಿ ಯಾರೂ ನಗಲಿಲ್ಲ.

“ಏನೋ ಮಾಡ್ತಿದೀಯಾ?” ಎಂದಳು ಅವನಮ್ಮ.

“ಐಸ್ ಬಿತ್ತಮ್ಮ,” ಎಂದ. “ಕೂಗು.”

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ನಿಂತಳು ಹರಾಜಕ್ಕ, ನುಂಗಲೂ ಆಗದು, ಉಗುಳಲೂ ಆಗದು. ತಾನೇ ಕಾಯ್ದ ರೂಢಿ, ಅಷ್ಟು ಜನರ ಎದುರು ಹೇಗೆ ಮುರಿದಾಳು? ಬಗ್ಗಿ, ಒಂದು ರೆಕ್ಕೆಯನ್ನು ಕೈಯಲ್ಲಿ ಎತ್ತಿ, ಅಭ್ಯಾಸಬಲದಿಂದ ಮೂಸಿ ನೋಡಿದಳು. ಆಮೇಲೆ ನನ್ನ ಮುಖ ನೋಡದೆ, “ತೊರಕೆ,” ಎಂದು ಕೂಗಿದಳು. ಎರಡನೇ ಸಲ ಕೂಗಿದಾಗ ದನಿಗೆ ರಾಗ ತಾನಾಗಿಯೇ ಬಂತು.

ಇನ್ನು ಅಪ್ಪ ಕೂಗಬೇಕಾಗಿರಲಿಲ್ಲ. ಆದರೂ ಒಡೆದ ಗಂಟಲಲ್ಲಿ ಅವಳ ಜೊತೆಜೊತೆಗೇ ಕೂಗುತ್ತಿದ್ದ, ಸಾಕು ಅಪ್ಪಾ ಅಂದರೂ ಕೇಳಲಿಲ್ಲ.