ಮನೆಬಸ್ಸಿನ ಹಿಂಗಣ್ಣು

ಅಪ್ಪ ಬಸ್ಸನ್ನು ಹಿಂದಕ್ಕೆ ತೆಗೆಯುವಾಗ ಅಮ್ಮನ ತುಳಸಿಕಟ್ಟೆಗೆ ಗುದ್ದಿ ಕೆಡವಿದ ದಿನ ನಾನು ಅಲ್ಲಿರಲಿಲ್ಲ. ಇದ್ದಿದ್ದರೆ ಅಮ್ಮನ ಪರವಾಗಿ ನಾನೇ ನಾಲ್ಕು ಮಾತು ಆಡುತ್ತಿದ್ದೆ. ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಮದುವೆ ವಿಡಿಯೋ ಅಂಗಡಿ. ಪಕ್ಕದ ಮನೆಯ ಪುಟ್ಟಕ್ಕ ಏದುಸಿರು ಬಿಡುತ್ತಾ ಅಲ್ಲಿಗೆ ಬಂದು, "ಶೋಭಾ, ನಿಮ್ಮಪ್ಪ ತುಳಸಮ್ಮನ ಮೇಲೆ ಬಸ್ ಹತ್ತಿಸ್ಯಾನೆ, ಬೇಗ ಬಾರವ್ವ" ಅಂದಾಗ ನಾನು ಯಾರದೋ ಧಾರೆಯ ದೃಶ್ಯಕ್ಕೆ ಹೂವಿನ ಚೌಕಟ್ಟು ಹಾಕುತ್ತಾ ಕೂತಿದ್ದೆ. ಅದನ್ನು ಹಾಗೆಯೇ ಬಿಟ್ಟು ಓಡಿದೆ.

ಅಪ್ಪ ದೊಡ್ಡತಿಮ್ಮಪ್ಪ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದವನು. ಚಿತ್ರದುರ್ಗದಲ್ಲಿ ಹೊರಟು, ಹೊಳಲ್ಕೆರೆ, ಹೊಸದುರ್ಗ ದಾಟಿ, ಕೆಂಪಣ್ಣನಹಟ್ಟಿ ಎಂಬ ಹಳ್ಳಿ ತಲುಪುವಷ್ಟರಲ್ಲಿ ಅವನ ಬಸ್ಸಿಗೆ ಕತ್ತಲಾಗುತ್ತಿತ್ತು. ಅಲ್ಲೇ ನೈಟ್ ಹಾಲ್ಟ್. ಬೆಳಗ್ಗೆ ಹಾಲಿನ ಕ್ಯಾನು, ಕಾಲೇಜು ಹುಡುಗರು, ಕೋರ್ಟಿಗೆ ಹೋಗುವವರು ಎಲ್ಲರನ್ನೂ ತುಂಬಿಕೊಂಡು ವಾಪಸ್ಸು. ಹೀಗಾಗಿ ಅವನು ಒಂದು ರಾತ್ರಿ ಮನೆಯಲ್ಲಿದ್ದರೆ ಇನ್ನೊಂದು ರಾತ್ರಿ ಇರುತ್ತಿರಲಿಲ್ಲ. ಇದ್ದ ರಾತ್ರಿಯೂ ಅವನ ಬಾಯಿಂದ ಬರುತ್ತಿದ್ದದ್ದು "ಸಾರು ಹಾಕು", "ಸಾಕು" ಅನ್ನುವುದಷ್ಟೇ. ಮಾತಿನ ಭಾಗವನ್ನೆಲ್ಲ ಅಮ್ಮ ಮತ್ತು ನಾನು ಹಂಚಿಕೊಂಡಿದ್ದೆವು.

ಎರಡು ಸಾವಿರದ ಐದರಲ್ಲಿ ಅವನು ಕೆಲಸ ಬಿಟ್ಟ. ಓನರು ಗುಜರಿಗೆ ಹಾಕಬೇಕೆಂದಿದ್ದ ಹಳೆಯ ಬಸ್ಸೊಂದನ್ನು ಕೇಳಿ ತಂದು, ಸೀಟು ಕಿತ್ತುಹಾಕಿ, ಒಳಗೆ ಎರಡು ಮಂಚ, ಒಂದು ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಮೇಲೆ ನೀರಿನ ಡ್ರಮ್ಮು ಕೂರಿಸಿದ. ಕಿಟಕಿಗೆ ಹಳದಿ ಪರದೆ ಬೇರೆ. ಬೀದಿಯವರು ಅದಕ್ಕೆ ಮನೆಬಸ್ಸು ಅಂತ ಹೆಸರಿಟ್ಟರು. ಯಾಕಪ್ಪ ಇದೆಲ್ಲ ಅಂತ ಕೇಳಿದವರಿಗೆ, "ನಮ್ಮೋಳನ್ನ ಕಾಶಿ ರಾಮೇಶ್ವರಕ್ಕೆ ಕರ್ಕೊಂಡು ಹೋಗ್ತೀನಿ" ಅನ್ನುತ್ತಿದ್ದ. ಅವನ ಬಾಯಲ್ಲಿ ಅಷ್ಟುದ್ದದ ವಾಕ್ಯ ಕೇಳಿ ನಾನೇ ಬೆರಗಾಗಿದ್ದೆ.

ಆದರೆ ಅವನಿಗೆ ಒಂದು ಕೊರತೆ ಇತ್ತು. ಅಷ್ಟು ವರ್ಷ ಬಸ್ಸು ಹಿಂದಕ್ಕೆ ತೆಗೆಯುವಾಗ ಕ್ಲೀನರ್ ಇಳಿದು ಬಸ್ಸಿನ ಮೈ ತಟ್ಟುತ್ತಾ "ರೈಟ್, ರೈಟ್, ಬರ್ಲಿ, ಬರ್ಲಿ" ಅನ್ನುತ್ತಿದ್ದ. ಆ ಸದ್ದು ನಿಂತರೆ ಅಪ್ಪನ ಕಾಲು ಬ್ರೇಕಿನ ಮೇಲೆ. ಈಗ ಕ್ಲೀನರ್ ಇಲ್ಲ, ತಟ್ಟುವವರಿಲ್ಲ, ಹಿಂದೆ ತುಳಸಿಕಟ್ಟೆ ಇದೆ ಅಂತ ಹೇಳುವವರೂ ಇಲ್ಲ.

ನಾನು ಮನೆ ಮುಟ್ಟಿದಾಗ ಅಮ್ಮ ಏಕಾಂತಮ್ಮ ಗಿಡವನ್ನು ಮಣ್ಣು ಸಮೇತ ಎತ್ತಿ ಬಕೆಟ್ಟಿನಲ್ಲಿ ಇಡುತ್ತಿದ್ದಳು. ಅಪ್ಪ ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದ. ಅಮ್ಮ ಕೂಗಾಡಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು.

"ಹಿಂದೇನೈತೆ ಅಂತ ಕಾಣೋ ತನಕ ಈ ಬಸ್ಸಿಗೆ ನಾನು ಕಾಲಿಡಾಕಿಲ್ಲ" ಅಂದಳು. ಅಷ್ಟು ಹೇಳಿ ಬಕೆಟ್ಟು ಹಿಡಿದು ಒಳಗೆ ಹೋದಳು.

ಅಮ್ಮ ಇಲ್ಲದಿದ್ದರೆ ಆ ಬಸ್ಸಿಗೆ ಅರ್ಥವೇ ಇಲ್ಲ. ಅಪ್ಪ ಆ ರಾತ್ರಿ "ಸಾರು ಹಾಕು" ಅಂತ ಕೂಡ ಅನ್ನದೆ ಬರೀ ಮುದ್ದೆ ನುಂಗಿದ. ನನ್ನ ಗಂಡ ಓಬಳೇಶ್ ಊರಿಗೆ ಕೇಬಲ್ ಟಿ.ವಿ. ಎಳೆದವನು, ಅವನಿಗೆ ಬಾರದ ವೈರಿನ ಕೆಲಸವಿಲ್ಲ, ಬಾರದ ಕೆಲಸವೂ ಬರುತ್ತೆ ಅನ್ನುವ ಧೈರ್ಯ ಬೇರೆ. "ನೀವು ಚಿಂತೆ ಬಿಡ್ರಿ ಮಾವ, ಬಸ್ಸಿಗೆ ಹಿಂದೆ ಒಂದು ಕಣ್ಣು ಇಡಾಣ" ಅಂದ.

ಅಪ್ಪ ಒಪ್ಪಲಿಲ್ಲ. ಕನ್ನಡಿ ನೋಡಿ ಓಡಿಸಿದವನಿಗೆ ಕ್ಯಾಮೆರಾ ಯಾಕೆ ಅನ್ನುವ ಹಟ. ನಾನು, "ಕನ್ನಡೀಲಿ ತುಳಸಿಕಟ್ಟೆ ಕಾಣ್ತಾ?" ಅಂತ ಕೇಳಿದ ಮೇಲೆ ಬಸ್ಸಿನ ಬೀಗದ ಕೈ ತೆಗೆದು ಓಬಳೇಶನ ಕೈಗಿಟ್ಟ.

ಓಬಳೇಶ್ ಬೆಂಗಳೂರಿನಿಂದ ಒಡವೆ ಅಂಗಡಿಗೆ ಹಾಕುವಂಥ ಎರಡು ಪುಟ್ಟ ಕ್ಯಾಮೆರಾ ತಂದ. ಒಂದನ್ನು ಬಸ್ಸಿನ ಹಿಂದೆ, ಏಣಿಯ ಮೇಲುಗಡೆ ಕೂರಿಸಿ, ಮಳೆ ಬೀಳದಿರಲಿ ಅಂತ ಹಾಲಿನ ಪುಡಿಯ ಡಬ್ಬ ಕತ್ತರಿಸಿ ಟೋಪಿ ಹಾಕಿದ. ಇನ್ನೊಂದು ಬಾಗಿಲ ಮೇಲೆ, ಊರೂರಲ್ಲಿ ನಿಂತಾಗ ಯಾರು ಬಂದರು ಅಂತ ಒಳಗಿಂದಲೇ ನೋಡುವುದಕ್ಕೆ. ಎರಡಕ್ಕೂ ಸೇರಿ ಡ್ರೈವರ್ ಸೀಟಿನ ಪಕ್ಕ ಅಂಗೈಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಬಿಳುಪು ಟಿ.ವಿ. ಒಂದು ಗುಂಡಿ ಒತ್ತಿದರೆ ಹಿಂಭಾಗ, ಇನ್ನೊಂದು ಒತ್ತಿದರೆ ಬಾಗಿಲು. ಕರೆಂಟು ಬಸ್ಸಿನ ಬ್ಯಾಟರಿಯಿಂದಲೇ. ವೈರುಗಳನ್ನೆಲ್ಲ ಕಿಟಕಿ ಪರದೆಯ ಮೇಲಿನ ಪಟ್ಟಿಯೊಳಗೆ ಮುಚ್ಚಿಟ್ಟೆವು. ನಾನು ಟಾರ್ಚ್ ಹಿಡಿದು ನಿಂತು ಅವನ ತಪ್ಪುಗಳನ್ನು ಎಣಿಸುತ್ತಿದ್ದೆ, ಅದೂ ಒಂದು ಕೆಲಸವೇ.

ಮೊದಲ ಪರೀಕ್ಷೆಗೆ ಬೀದಿಯೇ ನೆರೆಯಿತು. ಅಮ್ಮ ಮಾತ್ರ ಬಾಗಿಲು ದಾಟಿ ಬರಲಿಲ್ಲ. ಅಪ್ಪ ಟಿ.ವಿ.ಯ ಮೇಲೆ ಕಣ್ಣು ನೆಟ್ಟು ರಿವರ್ಸ್ ಹಾಕಿದ. ಬಟ್ಟೆ ಒಣಹಾಕುವ ಪುಟ್ಟಕ್ಕನ ಕಂಬ ಟಿ.ವಿ.ಯಲ್ಲಿ ಬಲಗಡೆ ಕಾಣಿಸಿತು. ಅದನ್ನು ತಪ್ಪಿಸಲು ಅಪ್ಪ ಬಸ್ಸಿನ ಹಿಂಭಾಗವನ್ನು ಎಡಕ್ಕೆ ಎಳೆದ. ಕಂಬ ಇದ್ದದ್ದೇ ಎಡಕ್ಕೆ. ಟಕ್ ಅಂತ ಸದ್ದಾಯಿತು, ಟಿ.ವಿ. ಪೂರ್ತಿ ಬೆಳ್ಳಗಾಯಿತು.

"ನಿನ್ನ ಕ್ಯಾಮೆರಾ ಸತ್ತೋತು" ಅಂದ ಅಪ್ಪ.

ಸತ್ತಿರಲಿಲ್ಲ. ಪುಟ್ಟಕ್ಕನ ಬಿಳಿ ಸೀರೆ ಅದರ ಮುಖಕ್ಕೆ ಸುತ್ತಿಕೊಂಡಿತ್ತು. ಅಪ್ಪ ಗಾಬರಿಯಲ್ಲಿ ಗಾಡಿ ಮುಂದಕ್ಕೆ ತೆಗೆದದ್ದರಿಂದ ಆ ಸೀರೆ, ಎರಡು ಲಂಗ, ಒಂದು ಬೆಡ್‌ಶೀಟು ಎಲ್ಲವೂ ಮೆರವಣಿಗೆ ಹೊರಟವು. ಪುಟ್ಟಕ್ಕ ಹಿಂದೆ ಓಡುತ್ತಾ ಬಾಯಿಗೆ ಬಂದಂತೆ ಬೈದಳು. ಬೀದಿಯವರ ನಗು ಸಂಜೆಯವರೆಗೂ ನಿಲ್ಲಲಿಲ್ಲ. ಒಳಗಿನಿಂದ ಅಮ್ಮನ ನಗುವೂ ಒಂದು ಸಲ ಕೇಳಿಸಿತು ಅಂತ ನನಗನ್ನಿಸಿತು.

ಎದುರಿಗೆ ನಿಂತವರ ಬಲಗೈ ನಮಗೆ ಎಡಗಡೆ ಕಾಣುತ್ತದಲ್ಲ, ಹಿಂದಕ್ಕೆ ಮುಖ ಮಾಡಿದ ಕ್ಯಾಮೆರಾದ ಹಣೆಬರಹವೂ ಅಷ್ಟೇ. ಇಷ್ಟು ಮದುವೆ ತೆಗೆದ ನನಗೂ ಅದು ಹೊಳೆದಿರಲಿಲ್ಲ. ಓಬಳೇಶ್ ಟಿ.ವಿ. ಬಿಚ್ಚಿ, ಪಿಕ್ಚರ್ ಟ್ಯೂಬಿನ ಕತ್ತಿಗೆ ಸುತ್ತಿದ ತಂತಿ ಸುರುಳಿಯ ಎರಡು ವೈರುಗಳನ್ನು ಅದಲುಬದಲು ಮಾಡಿದ. ಚಿತ್ರದ ಎಡಬಲ ಮಗುಚಿಕೊಂಡಿತು. ಹಿಂದಿನ ಅಂಗಡಿಯ ಬೋರ್ಡಿನ ಅಕ್ಷರಗಳೆಲ್ಲ ತಿರುಗುಮುರುಗು, ಆದರೆ ಎಡ ಎಡಕ್ಕೆ, ಬಲ ಬಲಕ್ಕೆ.

ಅಪ್ಪ ಕಣ್ಣು ಕಿರಿದು ಮಾಡಿ ನೋಡಿ, "ಈಗ ಇದು ಕನ್ನಡಿ ಆತು" ಅಂದ. ಬಸ್ಸನ್ನು ಬೀದಿಯ ತುದಿಯಿಂದ ಮನೆಯ ಬಾಗಿಲವರೆಗೆ ಹಿಂದಕ್ಕೇ ತಂದು, ಹೊಸದಾಗಿ ಕಟ್ಟಿದ ತುಳಸಿಕಟ್ಟೆಗೆ ಒಂದು ಮೊಳ ಬಿಟ್ಟು ನಿಲ್ಲಿಸಿದ. ನನಗೆ ಅವನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ನಮ್ಮ ಮನೆಯಲ್ಲಿ ಅಂಥ ರೂಢಿ ಇಲ್ಲದ್ದರಿಂದ ಟೀ ಮಾಡಿಕೊಟ್ಟೆ.

ಆದರೂ ಅಮ್ಮ ಬಸ್ಸು ಹತ್ತಲಿಲ್ಲ. ಇವತ್ತು ಸೊಂಟ ನೋವು, ನಾಳೆ ಅಮಾವಾಸ್ಯೆ, ಆಮೇಲೆ ಅವರೆಕಾಯಿ ಕಾಲ ಅಂತ ದಿನ ತಳ್ಳಿದಳು. ಅಪ್ಪ ಬೆಳಗ್ಗೆ ಎದ್ದು ಬಸ್ಸು ಒರೆಸುತ್ತಿದ್ದ, ಸಂಜೆ ಮತ್ತೆ ಒರೆಸುತ್ತಿದ್ದ.

ಒಂದು ಸಂಜೆ ಓಬಳೇಶ್ ಕ್ಯಾಮೆರಾದ ಮೈಕು ಪರೀಕ್ಷೆ ಮಾಡಲು ಕೂತ. ಮದುವೆ ವಿಡಿಯೋದವರಿಗೆಲ್ಲ ಗೊತ್ತು, ಜನ ಕ್ಯಾಮೆರಾ ಕಂಡರೆ ತಲೆ ಬಾಚಿಕೊಳ್ಳುತ್ತಾರೆ, ಅದಕ್ಕೆ ಕಿವಿಯೂ ಇದೆ ಅನ್ನುವುದನ್ನು ಮರೆಯುತ್ತಾರೆ. ಅಪ್ಪ ಡ್ರೈವರ್ ಸೀಟಿನಲ್ಲಿದ್ದ. ಹಿಂದೆ, ಕಟ್ಟೆಯ ಪಕ್ಕ, ಅಮ್ಮ ಮತ್ತು ಪುಟ್ಟಕ್ಕ ಅವರೆಕಾಯಿ ಸುಲಿಯುತ್ತಿದ್ದರು. ನಾನು ಸೌಂಡಿನ ತಿರುಪು ತಿರುಗಿಸಿದೆ.

"ಹಿಂದೆ ಕಾಣೋ ಹಂಗಾತಲ್ಲಕ್ಕ, ಇನ್ನೇನು, ಕಾಶಿಗೆ ಹೊಂಡು" ಅಂದಳು ಪುಟ್ಟಕ್ಕ.

"ಊರಿಗೆಲ್ಲ ಹೇಳ್ಕಂಡು ಬಂದ, ಹೆಂಡ್ತೀನ ಕರ್ಕೊಂಡು ಹೋಗ್ತೀನಿ ಅಂತ. ನನ್ನ ಒಂದ್ಸಲ ಕೇಳಿದ್ನಾ, ಬರ್ತೀಯೇನೇ ಅಂತ?" ಇದು ಅಮ್ಮ.

"ಕೇಳಿದ್ರೆ ಹೋಗ್ತಿದ್ದೇನು?"

"ಕಾಶಿಗ್ಯಾರು ಹೋಗ್ತಾರೆ. ದಿನ ಬಿಟ್ಟು ದಿನ ಈ ಮನುಷ್ಯ ರಾತ್ರಿ ಎಲ್ಲಿ ಮಲಗ್ತಿದ್ದ, ಯಾರು ಅನ್ನ ಹಾಕ್ತಿದ್ರು, ಯಾರ ಜತೆ ಕುಂತು ಮಾತಾಡ್ತಿದ್ದ, ಒಂದೂ ಗೊತ್ತಿಲ್ಲ ನಂಗೆ. ಡ್ರೈವರ್‌ಗಳಿಗೆ ಹಾಲ್ಟ್ ಊರಲ್ಲಿ ಒಂದು ಮನೆ ಇರುತ್ತೆ ಅಂತ ಎಲ್ರೂ ಆಡ್ಕಂಡು ನಗಾಡಿದ್ರು, ನಾನೂ ನಕ್ಕೆ. ನನ್ನ ಅರ್ಧ ಸಂಸಾರ ನಾನು ನೋಡೇ ಇಲ್ಲ ಕಣೇ ಪುಟ್ಟಕ್ಕ. ಅದನ್ನ ತೋರ್ಸಿದ್ರೆ ಬರ್ತಿದ್ದೆ."

ನಾನು ತಿರುಪು ಇಳಿಸಬೇಕಿತ್ತು, ಇಳಿಸಲಿಲ್ಲ. ಅಪ್ಪ ಬಾಗಿಲು ತೆರೆದು ಇಳಿದ. ಸ್ವಲ್ಪ ಹೊತ್ತಿಗೆ ಟಿ.ವಿ.ಯೊಳಗೆ ಬಂದು ಅಮ್ಮನ ಮುಂದೆ ನಿಂತ.

"ಬರ್ತೀಯೇನು?" ಅಂದ.

ಅಮ್ಮನ ಕೈಯ ಕಾಯಿ ಕೈಯಲ್ಲೇ ಉಳಿಯಿತು. "ಎಲ್ಲಿಗೆ?"

"ಎಲ್ಲಿಗಂತೀಯೋ ಅಲ್ಲಿಗೆ."

"ಕೆಂಪಣ್ಣನಹಟ್ಟಿಗೆ."

ಅಪ್ಪನ ಮುಖ ಸಪ್ಪಗಾಯಿತು. ಅಷ್ಟು ಚಿಕ್ಕ ಟಿ.ವಿ.ಯಲ್ಲೂ ಅದು ಕಂಡಿತು. "ಅಲ್ಲಿಗ್ಯಾಕೆ? ಅಲ್ಲೇನೈತೆ ನೋಡಾಕೆ?" ಅಂದ.

"ಅಲ್ಲಿಗಾದ್ರೆ ಬರ್ತೀನಿ. ಇಲ್ಲಾಂದ್ರೆ ಇಲ್ಲ."

ಅಪ್ಪ ಕತ್ತು ಕೆರೆದುಕೊಂಡ. ಆ ಕಡೆ ಈ ಕಡೆ ನೋಡಿದ. ಕೊನೆಗೆ, "ಆತು, ಹೋಗಾಣ" ಅಂದ.

ನನಗೆ ಖುಷಿಯಾಗಬೇಕಿತ್ತು, ಆಗಿದ್ದು ಭಯ. ಆ ಊರಿನ ಹೆಸರೆತ್ತಿದರೆ ಅವನು ಯಾಕೆ ಹಾಗೆ ಮುದುಡಬೇಕು? "ನಿಮ್ಮಪ್ಪಂಗೆ ಅಲ್ಲೇನಾದ್ರೂ" ಅಂತ ಓಬಳೇಶ್ ಶುರುಮಾಡಿದ. ಅವನ ತೊಡೆ ಚಿವುಟಿ ಬಾಯಿ ಮುಚ್ಚಿಸಿದೆ.

ಆ ವಾರವೇ ಹೊರಟೆವು. ಕ್ಯಾಮೆರಾ ನೋಡಿಕೊಳ್ಳುವ ನೆಪದಲ್ಲಿ ನಾವಿಬ್ಬರೂ ಹತ್ತಿದೆವು. ಅಮ್ಮ ಹೊಸ ಸೀರೆ ಉಟ್ಟು ಅಪ್ಪನ ಹಿಂದೆಯೇ ಕೂತಿದ್ದಳು. ಹೊಸದುರ್ಗದವರೆಗೆ ಚುರುಕಾಗಿ ಓಡಿದ ಬಸ್ಸು ಹಳ್ಳಿ ಹತ್ತಿರವಾದಷ್ಟೂ ನಿಧಾನವಾಯಿತು. ಸಂಜೆ ಬಿಸಿಲು ಇನ್ನೂ ಇರುವಾಗಲೇ ಅಪ್ಪ ಟಿ.ವಿ. ನೋಡಿಕೊಂಡು ಶಾಲೆಯ ಗೋಡೆಗೂ ಹುಣಸೆ ಮರಕ್ಕೂ ನಡುವೆ ಬಸ್ಸನ್ನು ಒಂದು ಎಲೆಯೂ ಉದುರದಂತೆ ಹಿಂದಕ್ಕೆ ಕೂರಿಸಿದ. ಯಾರೂ ಹೊಗಳುವ ಮೊದಲೇ ಕೊಡ ಎತ್ತಿಕೊಂಡು, "ನೀರು ತರ್ತೀನಿ" ಅಂತ ಇಳಿದು ಹೋದ. ಮೇಲಿನ ಡ್ರಮ್ಮು ತುಂಬಿತ್ತು.

ಅದು ಅಮ್ಮನಿಗೂ ಗೊತ್ತಿತ್ತು. ಅವಳು ತುಟಿ ಬಿಗಿಹಿಡಿದಳು. ಅಷ್ಟರಲ್ಲಿ ಬಾಗಿಲಿನ ಕ್ಯಾಮೆರಾದಲ್ಲಿ ಯಾರೋ ಹೆಂಗಸು ಬರುವುದು ಕಾಣಿಸಿತು. ಕೈಯಲ್ಲಿ ತಟ್ಟೆ ಮುಚ್ಚಿದ ಬುಟ್ಟಿ. ಅಮ್ಮ ಎದ್ದು ಬಂದು ಟಿ.ವಿ.ಗೆ ಮೂಗು ತಾಗಿಸುವಂತೆ ಬಗ್ಗಿದಳು.

"ವಯಸ್ಸೆಷ್ಟಿರಬೋದು?" ಅಂತ ಕೇಳಿದಳು.

"ನಿಂಗಿಂತ ಜಾಸ್ತಿನೇ" ಅಂದೆ. ಅಮ್ಮ ಉಸಿರು ಬಿಟ್ಟು, ಸೆರಗು ಸರಿಮಾಡಿಕೊಂಡು, ಕೆಳಗಿಳಿದು ಬಸ್ಸಿನ ಮೆಟ್ಟಿಲ ಮೇಲೆ ಕೂತಳು. ನಾವು ಒಳಗೇ ಉಳಿದು ಟಿ.ವಿ. ನೋಡಿದೆವು, ಸೌಂಡೂ ಇತ್ತು.

ಮುದುಕಿ ಬುಟ್ಟಿ ಕೆಳಗಿಟ್ಟು, ಹಣೆಗೆ ಕೈ ಅಡ್ಡ ಹಿಡಿದು ಅಮ್ಮನನ್ನು ನೋಡಿದಳು. ಅಮ್ಮ ಅವಳಿಗೆ ಕೂರಲು ಎಡಗೈಯಲ್ಲಿ ಮಣೆ ಸರಿಸಿದಳು.

"ನೀನು ಏಕಾಂತಮ್ಮ ಅಲ್ವೇನೇ?"

"ನಿಂಗ್ಹೆಂಗೆ ಗೊತ್ತು?"

"ಎಡಗೈಯೋಳು ಅಂತಿದ್ದ. ನಾನು ಹುಚ್ಚಕ್ಕ. ನಿನ್ನ ಗಂಡ ನಮ್ಮನೆ ಜಗಲಿ ಮೇಲೇ ಮಲಗ್ತಿದ್ದ. ಎಲ್ಲಿ ಮಲಗಾದು, ನಮ್ಮನ್ನ ಮಲಗಾಕೆ ಬಿಟ್ರಲ್ವ. ಬಸ್ ನಿಲ್ಸಿ ಕೈಕಾಲು ತೊಳ್ಕಂಡ್ರೆ ನಿನ್ನ ಸುದ್ದಿ ಶುರು. ನಮ್ಮೋಳು ಎಡಗೈಲಿ ರೊಟ್ಟಿ ತಟ್ಟಿದ್ರೆ ಹಪ್ಪಳದಂಗಿರ್ತಾವೆ ಅನ್ನೋನು, ನಾನು ಹಾಕಿದ್ದು ಉಣ್ತಾನೇ ಅನ್ನೋನು."

ಆಗಲೇ ಇನ್ನೂ ಕೆಲವರು ಬಂದು ಸೇರಿದ್ದರು. ಅವರಲ್ಲೊಬ್ಬ ಮುದುಕ, ಜಂಪಣ್ಣ ಅಂತ, ಕೋಲೂರಿ ಮುಂದೆ ಬಂದ. "ಹಲ್ಲಿ ಕಂಡ್ರೆ ಮಂಚ ಹತ್ತೋ ಏಕಾಂತಮ್ಮ ಇವ್ಳೇನಾ? ಬರ್ರಿ, ನೋಡ್ರಿ" ಅಂತ ಹಿಂದಿನವರನ್ನು ಕರೆದ. ಎಲ್ಲರೂ ನಕ್ಕರು.

"ನಗಬ್ಯಾಡ್ರಿ" ಅಂದಳು ಹುಚ್ಚಕ್ಕ. "ಮಳೆ ಬಂದ ರಾತ್ರಿ ಇವ್ನು ಕಣ್ಣು ಮುಚ್ಚಿದ್ದು ನಾನು ಕಾಣೆ. ಅವ್ಳು ಮಗೀನ ಇಟ್ಕಂಡು ಒಬ್ಳೇ ಇರ್ತಾಳೆ, ಗುಡುಗಿಗೆ ಹೆದರ್ತಾಳೆ ಅಂತ ಕಂಬಕ್ಕೆ ಒರಗಿ ಕುಂತೇ ಇರ್ತಿದ್ದ, ಪುಣ್ಯಾತ್ಮ."

ಆ ಮಗು ನಾನು. ಟಿ.ವಿ. ಮಂಜಾಯಿತು, ಈ ಸಲ ಅದರ ಮೇಲೆ ಯಾರ ಸೀರೆಯೂ ಬಿದ್ದಿರಲಿಲ್ಲ. ಓಬಳೇಶ್ ನನ್ನ ಕಡೆ ನೋಡದೆ ಕರ್ಚೀಫು ಚಾಚಿದ.

ಕೊಡ ಹೊತ್ತ ಅಪ್ಪ ಮರದ ಹಿಂದಿನಿಂದ ಬಂದು, ಗುಂಪು ನೋಡಿ ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ನಿಂತ. ಜನ ದಾರಿ ಬಿಟ್ಟರು. ಅಮ್ಮ ಅವನನ್ನೇ ನೋಡುತ್ತಾ ಕೂತಿದ್ದಳು.

"ಮನೇಲಿ ಬಾಯಿಗೆ ಬೀಗ ಹಾಕ್ಕಂಡಿರ್ತಿದ್ದೆ. ಇಲ್ಲಿ ಇಷ್ಟೆಲ್ಲ ಆಡಿದ್ಯಾ?" ಅಂದಳು.

ಅಪ್ಪ ಕೊಡ ಇಳಿಸಿದ. "ಮನೇಲಿ ನೀನಿರ್ತಿದ್ದೆ" ಅಂದ. "ಇಲ್ಲಿರ್ತಿರ್ಲಿಲ್ಲ."

ಅಮ್ಮ ಮೆಟ್ಟಿಲ ಮೇಲೆ ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿದಳು. ನಾನು ಟಿ.ವಿ. ಆರಿಸಿದೆ.