ಅಪ್ಪನ ದನಿಗೆ ಹಾಕದ ತೇಪೆ

ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದ ಅಪ್ಪನಿಗೆ ಜನ ಇಟ್ಟ ಹೆಸರು ಕಹಳೆ. ಈರುಳ್ಳಿ ಮೂಟೆಗಳ ಮುಂದೆ ನಿಂತು ಅವನು ಬಾಯಿ ತೆರೆದರೆ ಆಚೆ ಬೀದಿಯ ಕಿವುಡನೂ ತಿರುಗಿ ನೋಡಬೇಕು, ಅಂಥ ಗಂಟಲು. ಹಾಳು ಕ್ಯಾನ್ಸರಿಗೆ ಬೇರೆಲ್ಲೂ ಜಾಗ ಸಿಗಲಿಲ್ಲವೇನೋ, ನೇರ ಅಲ್ಲಿಗೇ ಬಂದು ಕೂತಿತು. ಗಂಟಲು ಕೊಯ್ದು ತೆಗೆಯುವ ಮೊದಲು ಒಂದು ಕ್ಲಿನಿಕ್ಕಿನವರು ಅವನನ್ನು ಮಾತಾಡಿಸಿ ಮಾತಾಡಿಸಿ, ಆ ದನಿಯನ್ನು ಒಂದು ಟ್ಯಾಬಿನೊಳಗೆ ತುಂಬಿಕೊಟ್ಟರು. ಅಪ್ಪ ಪರದೆಯ ಮೇಲೆ ಅಕ್ಷರ ಒತ್ತಿದರೆ ಟ್ಯಾಬು ಅವನ ದನಿಯಲ್ಲೇ ಮಾತಾಡುತ್ತಿತ್ತು. ಮೊದಲ ಸಲ ಕೇಳಿದಾಗ ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಿದ್ದಳು.

ಮಗಳು ದರ್ಜಿ. ಮನೆಯ ಮುಂಕೋಣೆಯೇ ಅವಳ ಅಂಗಡಿ. ಹೊಲಿಗೆ ಯಂತ್ರದ ಪಕ್ಕ, ಬಟ್ಟೆ ಚೂರುಗಳ ನಡುವೆ ಅಪ್ಪನ ಕುರ್ಚಿ. ಒಮ್ಮೆ ಟ್ಯಾಬಿಗೆ ಅಪ್‌ಡೇಟ್ ಹಾಕಿದ ಮಾರನೆಯ ಬೆಳಿಗ್ಗೆ ಅಪ್ಪ ನೀರು ಕೇಳಿದ. ಕೇಳಿಸಿದ್ದು ವಾರ್ತೆ ಓದುವವನ ನುಣ್ಣನೆಯ ದನಿ. ಅವಳು ಟ್ಯಾಬು ಎತ್ತಿಕೊಂಡು ಮೊಬೈಲ್ ರಿಪೇರಿಯವನ ಹತ್ತಿರ ಓಡಿದಳು. ಅವನು ಅದೇನೋ ಒತ್ತಿದ, ಕಹಳೆ ಮರಳಿ ಬಂತು. ಅಷ್ಟೇ ಕೆಲಸ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವಳ ದಿಗಿಲು ಮುಗಿಯಲಿಲ್ಲ. ಅಂದಿನಿಂದ ಪರದೆಯಲ್ಲಿ ಅಪ್‌ಡೇಟಿನ ಸೂಚನೆ ಕಂಡಾಗಲೆಲ್ಲ 'ಆಮೇಲೆ' ಎಂಬುದನ್ನು ಒತ್ತಿ ಸುಮ್ಮನಾಗುತ್ತಿದ್ದಳು.

"ಹಾಕ್ಬಿಡಮ್ಮ," ಎಂದ ಅಪ್ಪ ಒಂದು ದಿನ, ಅಕ್ಷರ ಹುಡುಕಿ ಹುಡುಕಿ ಒತ್ತುತ್ತ. "ಪಾಪ, ದಿನಾ ಬಂದು ಕೇಳ್ತಾ ಇದೆ. ಭಿಕ್ಷುಕನಿಗೂ ನೀನು ಇಷ್ಟು ಸಲ ಮುಂದಕ್ಕೆ ಹೋಗಪ್ಪಾ ಅನ್ನಲ್ಲ."

"ನಿನ್ನ ದನಿ ಮತ್ತೆ ಹೋದ್ರೆ?"

"ರಿಪೇರಿಯವನು ಎಲ್ಲಿ ಓಡಿಹೋಗಿದಾನೆ?"

"ಬೇಡ ಅಂದ್ರೆ ಬೇಡಪ್ಪಾ. ಚೆನ್ನಾಗಿರೋದನ್ನ ಯಾಕೆ ಕೆಣಕ್ಬೇಕು?"

ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಗಿರಾಕಿಯ ಅಂಗಿಯಲ್ಲಿ ಬೆರಳಗಲ ಹೊಲಿಗೆ ಬಿಟ್ಟಿದ್ದರೆ "ಇವತ್ತೇ ಹಾಕಿಸ್ಕೊಂಡು ಹೋಗಿ, ನಾಳೆ ತೋಳೇ ಕೈಗೆ ಬರುತ್ತೆ" ಎಂದು ಗದರುತ್ತಿದ್ದವಳು ಇವಳೇ. ಪ್ರೀತಿ ಒಮ್ಮೊಮ್ಮೆ ಮನುಷ್ಯರನ್ನು ಎಷ್ಟು ದಡ್ಡರನ್ನಾಗಿ ಮಾಡುತ್ತದೆ ಎಂದರೆ, ನೋಡಿದರೆ ಸಿಟ್ಟೇ ಬರುತ್ತದೆ.

ರೋಗ ಮತ್ತೆ ಹೆಡೆ ಎತ್ತಿ ಶ್ವಾಸಕೋಶಕ್ಕೆ ಇಳಿಯಿತು. ಇನ್ನು ಮಾಡುವಂಥದ್ದೇನಿಲ್ಲ ಎಂದರು ಡಾಕ್ಟರು. ಆಸ್ಪತ್ರೆಯ ಹಾಸಿಗೆಯಲ್ಲಿ ಅಪ್ಪನಿಗೆ ಟ್ಯಾಬು ಒಂದೇ ಗತಿ. ಪೆನ್ನು ಹಿಡಿಯಲೂ ಕೈಯಲ್ಲಿ ತ್ರಾಣವಿರಲಿಲ್ಲ, ಒಂದು ಬೆರಳು ಮಾತ್ರ ಹೇಳಿದ ಮಾತು ಕೇಳುತ್ತಿತ್ತು. ಮಾರುಕಟ್ಟೆಯ ಹಳೆಯ ಫೋಟೊಗಳು ಎಂದು ಯಾರೋ ಕಳಿಸಿದ್ದ ಸಂದೇಶವನ್ನು ಅವನು ಆಸೆಯಿಂದ ತೆರೆದ. ಫೋಟೊ ಬರಲಿಲ್ಲ. ಪರದೆಯೆಲ್ಲ ಕೆಂಪಾಯಿತು. ಆಮೇಲೆ ಅಪ್ಪ ಏನು ಒತ್ತಿದರೂ ಟ್ಯಾಬು ತುಟಿ ಬಿಚ್ಚಲಿಲ್ಲ.

ರಿಪೇರಿಯವನು ಬಹಳ ಹೊತ್ತು ತಡಕಾಡಿ ಟ್ಯಾಬನ್ನು ಮೇಜಿನ ಮೇಲಿಟ್ಟ.

"ಅಕ್ಕಾ, ಯಾರೋ ಕಳ್ಳರು ಒಳಗೆ ನುಗ್ಗಿ ಎಲ್ಲದಕ್ಕೂ ಬೀಗ ಜಡಿದಿದಾರೆ. ಇದನ್ನ ತೆಗೆಯೋದು ನನ್ನ ಕೈಲಾಗಲ್ಲ."

"ಅವತ್ತು ಸರಿ ಮಾಡಿದ್ರಲ್ಲ?"

"ಅವತ್ತು ದನಿ ಎಲ್ಲೂ ಹೋಗಿರಲಿಲ್ಲ. ಒಂದು ಗುಂಡಿ ಒತ್ತಿ ಹಳೇದನ್ನ ಆರಿಸಿದೆ, ಅಷ್ಟೇ." ಅವನು ತಲೆ ಕೆರೆದುಕೊಂಡ. "ಇದರಲ್ಲೊಂದು ತೂತಿತ್ತು. ಮಾಡಿದವರಿಗೇ ಗೊತ್ತಾಗಿ ತೇಪೆ ಕಳಿಸಿದ್ರು. ಅಪ್‌ಡೇಟ್ ಅಂದ್ರೆ ಅದೇ ಅಕ್ಕ. ತಿಂಗಳುಗಟ್ಟಲೆ ನಿಮ್ಮ ಬಾಗಿಲಲ್ಲೇ ನಿಂತಿತ್ತು. ನೀವು ಹಾಕಿಸಿಕೊಳ್ಳಲಿಲ್ಲ, ಕಳ್ಳರು ಅದೇ ತೂತಿನಿಂದ ಬಂದರು."

ದನಿ ತುಂಬಿಕೊಟ್ಟ ಕ್ಲಿನಿಕ್ಕು ಎಂದೋ ಬಾಗಿಲು ಹಾಕಿತ್ತು. ಬೇರೆ ಪ್ರತಿ ಎಲ್ಲೂ ಇರಲಿಲ್ಲ. ಆಸ್ಪತ್ರೆಯ ದಾರಿಯುದ್ದಕ್ಕೂ ಅವಳಿಗೆ ಅಪ್ಪನ "ಹಾಕ್ಬಿಡಮ್ಮ" ಎನ್ನುವ ಮಾತೇ ಕಿವಿಯಲ್ಲಿ ಕೊರೆಯುತ್ತಿತ್ತು.

ನರ್ಸು ಅಕ್ಷರಗಳನ್ನು ದಪ್ಪಗೆ ಬರೆದಿದ್ದ ಒಂದು ರಟ್ಟು ತಂದುಕೊಟ್ಟಳು. ಅಪ್ಪ ಬೆರಳಿಟ್ಟು ತೋರಿಸಬೇಕು, ಮಗಳು ಕೂಡಿಸಿ ಓದಬೇಕು. ಮೊದಲು ನೀರು ಕೇಳಿದ. ಕುಡಿದು, ಅವಳ ಮುಖವನ್ನೇ ನೋಡುತ್ತ ಮಲಗಿದ. ಅತ್ತು ಊದಿದ ಕಣ್ಣುಗಳನ್ನು ಅವಳು ಮುಚ್ಚಿಡಲು ನೋಡಿದಳು, ಆಗಲಿಲ್ಲ. ಅಪ್ಪನ ಬೆರಳು ಮತ್ತೆ ರಟ್ಟಿನ ಮೇಲೆ ತೆವಳಿತು. ಅವಳು ಒಂದೊಂದೇ ಅಕ್ಷರ ಓದಿದಳು.

"ನಿನ್ನ... ತಪ್ಪಲ್ಲ."

ಅಪ್ಪ ಆ ಬೆರಳನ್ನೇ ಮೇಲಕ್ಕೆತ್ತಿ ಆಡಿಸಿದ. ಮಾರುಕಟ್ಟೆಯಲ್ಲಿ ಜನರಿಂದ ಇನ್ನೂ ಮೇಲೆ ಕೂಗಿಸಲು ಮಾಡುತ್ತಿದ್ದ ಸನ್ನೆ ಅದು. ಜೋರಾಗಿ ಹೇಳು.

"ನಿನ್ನ ತಪ್ಪಲ್ಲ," ಎಂದಳು, ಪಕ್ಕದ ಹಾಸಿಗೆಯವರು ತಿರುಗಿ ನೋಡುವಷ್ಟು ಜೋರಾಗಿ.

ಅಪ್ಪ ಕಣ್ಣು ಮುಚ್ಚಿದ, ಹೇಳಬೇಕಾದ್ದನ್ನು ಹೇಳಿ ಮುಗಿಸಿದವನ ಹಾಗೆ. ಅವನ ದನಿಯಲ್ಲಿ ಕೇಳಿದ್ದರೆ ಅವಳು ನಂಬುತ್ತಿದ್ದಳು. ಅವಳ ಕಿವಿಗೆ ಬಿದ್ದದ್ದು ಅವಳದೇ ದನಿ, ಅದನ್ನು ಅವಳು ನಂಬಲಿಲ್ಲ.